ಹಣಕಾಸಿನ ಜೊತೆಗೊಂದು

"ಕಾನೂನನ್ನ ಮೇಲಕ್ಕೆ ಹಾಕು ಅಂದ್ರೆ ಮೇಲಕ್ಕೆ ಹಾಕೇ," ಎಂದು ಗೀವರ್ಗಿಸ್ ಮಗಳ ಬೆನ್ನ ಹಿಂದೆ ನಿಂತು ಮೂರನೆಯ ಸಲ ಹೇಳಿದ. "ಕೇಳಿದ್ರೆ ಯಾರಾದ್ರೂ ಹೊಡೀತಾರಾ? ಇದ್ರೆ ಕೊಡ್ತಾರೆ, ಇಲ್ದಿದ್ರೆ ಇಲ್ಲ ಅಂತಾರೆ."

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಪರದೆಯ ಮೇಲೆ ವಿಶ್ವವಿದ್ಯಾಲಯದ ಸೀಟಿಗೆ ಕಳಿಸುವ ಆಯ್ಕೆಯ ಪಟ್ಟಿ, ಐದು ಸಾಲು. ಐದರಲ್ಲೂ ಮೊದಲ ಅರ್ಧ ಹಣಕಾಸು, ಉಳಿದರ್ಧ ಬೇರೆ ಬೇರೆ: ಒಂದರಲ್ಲಿ ಸಂಖ್ಯಾಶಾಸ್ತ್ರ, ಒಂದರಲ್ಲಿ ಕಾನೂನು, ಒಂದರಲ್ಲಿ ಅರ್ಥಶಾಸ್ತ್ರ, ಹೀಗೆ. ಸಿಡ್ನಿಯ ಮಕ್ಕಳು ಒಂಟಿ ಪದವಿಗೆ ಆಸೆಪಡುವುದನ್ನು ಬಿಟ್ಟು ಕಾಲವಾಯಿತು. ಬರೀ ಹಣಕಾಸು ಓದುತ್ತೇನೆಂದರೆ ಫೇರ್‌ಫೀಲ್ಡಿನ ಚರ್ಚಿನಂಗಳದಲ್ಲಿ ಹೆಂಗಸರು, "ಅಯ್ಯೋ, ಜೊತೆಗೇನೂ ಇಲ್ವಾ?" ಎಂದು ಮುಖ ಸಣ್ಣಗೆ ಮಾಡುತ್ತಾರೆ. ಹಣಕಾಸಿನ ಜೊತೆಗೊಂದು ಇರಲೇಬೇಕು. ಆ ಒಂದು ಯಾವುದು ಎಂಬುದಕ್ಕೆ ಗೀವರ್ಗಿಸನ ಮನೆಯಲ್ಲಿ ಮೂರು ದಿನದಿಂದ ರಾಮಾಯಣ.

ಹದಿನೆಂಟು ತುಂಬಿದ ನಹ್ರೀನಳಿಗೆ ಬಂದ ರ್‍ಯಾಂಕು ತೊಂಬತ್ತೈದು ಪಾಯಿಂಟ್ ಎಂಟು ಐದು. ನೂರಕ್ಕೆ. ಅವಳ ಶಾಲೆಯಲ್ಲಿ ಅದೇ ಎರಡನೆಯದು. ಅವಳು ಎಲ್ಲಕ್ಕಿಂತ ಮೇಲಿಟ್ಟಿದ್ದ ಸಂಖ್ಯಾಶಾಸ್ತ್ರದ ಜೋಡಿಗೆ ತೊಂಬತ್ತಮೂರು ಸಾಕಾಗಿತ್ತು. ಗೀವರ್ಗಿಸನಿಗೆ ಅದೇ ಹೊಟ್ಟೆಯುರಿ.

"ತೊಂಬತ್ತಾರರ ಬೆಲೆ ಕೊಟ್ಟು ತೊಂಬತ್ತಮೂರರ ಸರಕು ಯಾವ ಜಾಣೆ ತರ್ತಾಳೆ? ಉಳಿದ ಮೂರು ಪಾಯಿಂಟ್ ಏನ್ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯಾ?"

"ಅದು ಬೆಲೆ ಅಲ್ಲಪ್ಪ. ಬಾಗಿಲು. ಬಾಗಿಲಿಗಿಂತ ಎತ್ತರ ಇದ್ರೆ ತಪ್ಪೇನು?"

"ನನಗೆ ಬಾಗಿಲು ಗೀಗಿಲು ಹೇಳ್ಬೇಡ. ಶಿಮ್ಶೋನನ ಮಗನಿಗೆ ತೊಂಬತ್ತೆರಡು. ಅವನೂ ಹಣಕಾಸು, ನೀನೂ ಹಣಕಾಸು. ನಾಳೆ ಅವನಪ್ಪ ಬೇಕರೀಲಿ ಸಿಕ್ಕಿ ಏನಂತಾನೆ?"

ತಾಯಿ ಬಾಸಿಮಾ ಒಲೆಯ ಹತ್ತಿರ ಮಸೂರ ಬೇಳೆ ತಿರುವುತ್ತಿದ್ದಳು. ಕ್ರಿಸ್‌ಮಸ್ ಮುಂಚಿನ ಉಪವಾಸ ನಡೆದಿತ್ತು. ಮಾಂಸ, ಬೆಣ್ಣೆ ಮನೆಯೊಳಗೆ ಬಂದು ಮೂರು ವಾರವಾಗಿತ್ತು. "ಒಂದು ಓದಿಗೇ ಹುಡುಗಿ ಕಣ್ಣು ಗುಳಿಬಿದ್ದಿದೆ," ಎಂದಳು. "ಎರಡೆರಡು ಯಾಕೋ? ಅದೇನು ಚಪ್ಪಲಿನಾ, ಜೋಡಿ ಇಲ್ದೆ ಹಾಕ್ಕೊಳ್ಳೋಕಾಗಲ್ಲ ಅನ್ನೋದಕ್ಕೆ?" ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಹ್ರೀನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸಲೀಸು. ಹಣಕಾಸು ಮತ್ತು ಕಾನೂನಿನ ಜೋಡಿ ಹೋದ ವರ್ಷ ತೊಂಬತ್ತೆಂಟಕ್ಕೆ ನಿಂತಿತ್ತು. ಅವಳದು ಅದಕ್ಕಿಂತ ಎರಡು ಕಡಿಮೆ. ತಲೆ ಕೆಳಗಾದರೂ ಸಿಗುವುದಿಲ್ಲ. ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತಾರೆ, ರ್‍ಯಾಂಕು ಎಲ್ಲಿ ಸಾಲುತ್ತದೋ ಆ ಸಾಲಿನ ಸೀಟು ಕೊಟ್ಟು ಅದರ ಕೆಳಗಿನದನ್ನೆಲ್ಲ ಅಳಿಸುತ್ತಾರೆ. ಅಂದಮೇಲೆ ಕಾನೂನನ್ನು ಮೇಲಿಟ್ಟರೆ ಅಪ್ಪನಿಗೆ ಸಮಾಧಾನ. ಅದು ಸಿಗದೆ ಎರಡನೆಯ ಸಾಲಿಗೆ ಬಂದರೆ ತನಗೆ ಸಂಖ್ಯಾಶಾಸ್ತ್ರ. ಪ್ರಯತ್ನ ಮಾಡಿದೆವಲ್ಲ ಅಪ್ಪ, ಹಣೆಯಲ್ಲಿ ಬರೆದಿರಲಿಲ್ಲ ಎಂದುಬಿಟ್ಟರೆ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅವಳು ಎರಡನೆಯ ಸಾಲನ್ನು ಮೇಲಕ್ಕೆಳೆದಳು. ಗೀವರ್ಗಿಸ್ ಅವಳ ತಲೆಯ ಮೇಲೆ ಕೈಯಿಟ್ಟ. ಇಟ್ಟದ್ದು ಎಡಗೈ. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

"ನನ್ನ ವಕೀಲೆ," ಎಂದ.

ಆ ಮಾತು ಕೇಳಿದಾಗಲೆಲ್ಲ ನಹ್ರೀನ್ ಅಪ್ಪನ ಬಲಗೈಯಿಂದ ಕಣ್ಣು ತಪ್ಪಿಸುತ್ತಿದ್ದಳು. ಅರಬಿ ನಾಡಿನ ಕ್ರೈಸ್ತರ ಈ ಮನೆ ಈ ದೇಶಕ್ಕೆ ಬಂದು ಒಂಬತ್ತು ವರ್ಷ. ಮೊದಲ ವರ್ಷವೇ ಗೀವರ್ಗಿಸನಿಗೆ ಕೋಳಿಮಾಂಸದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ಎರಡನೆಯ ವರ್ಷ ಅಲ್ಲಿನ ಮಾಂಸ ಸಾಗಿಸುವ ಪಟ್ಟಿಯ ಯಂತ್ರಕ್ಕೆ ಬಲತೋಳು ಸಿಕ್ಕಿತ್ತು. ಆಸ್ಪತ್ರೆಯಿಂದ ಬಂದ ಮೇಲೆ, ಪರಿಹಾರ ಕೇಳಿದ್ದಕ್ಕೆ ವಿಮೆಯವರ ಪತ್ರ ಬಂತು. ಗೀವರ್ಗಿಸ್ ತನ್ನ ಭಾಷೆಯನ್ನು, ಅರಬಿಯನ್ನು ಚೆನ್ನಾಗಿ ಬಲ್ಲವನು, ಆದರೆ ಇಂಗ್ಲಿಷ್ ಕಾಗದ ಕಂಡರೆ ಅವನು ಮುಟ್ಟಿದರೆ ಮುನಿ. ಮನೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದವಳು ಒಬ್ಬಳೇ, ಹತ್ತು ವರ್ಷದ ನಹ್ರೀನ್. ಅವಳು ಪತ್ರ ಓದಿ ಹೇಳಿದಳು: ನಿಮಗೆ ಆದ ನೋವಿಗೆ ವಿಷಾದಿಸುತ್ತೇವೆ, ನಿಮ್ಮ ಕಾಗದಗಳನ್ನು ನೋಡಿದ್ದೇವೆ. ಎಲ್ಲರಿಗೂ ಸಂತೋಷವಾಯಿತು. ಒಳ್ಳೆಯ ಜನ ಎಂದು ಬಾಸಿಮಾ ಶಿಲುಬೆಯ ಗುರುತು ಹಾಕಿಕೊಂಡಳು. ನಾಲ್ಕು ತಿಂಗಳು ಕಾದು ಬಿಟ್ಟಿ ಸಲಹೆ ಕೊಡುವ ವಕೀಲರೊಬ್ಬರ ಹತ್ತಿರ ಹೋದಾಗ, ಗಡುವು ಮುಗಿದುಹೋಗಿದೆ, ಇನ್ನೇನೂ ಮಾಡುವಂತಿಲ್ಲ ಎಂದರು. ಯಾವ ಗಡುವೆಂದು ಕೇಳಲು ಯಾರಿಗೂ ತೋಚಲಿಲ್ಲ. ಗೀವರ್ಗಿಸ್ ಅಂದಿನಿಂದ, "ಮೋಸ ಮಾಡಿದ್ರು, ನಮ್ಮೋರು ಅಂತ ಒಬ್ಬ ವಕೀಲ ಇದ್ದಿದ್ರೆ," ಎಂದು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

ಹದಿಮೂರನೆಯ ವಯಸ್ಸಿನಲ್ಲಿ, ಯಾವುದೋ ಅರ್ಜಿಗೆ ಬೇಕಾದ ಕಾಗದ ಹುಡುಕುವಾಗ ಆ ಪತ್ರ ನಹ್ರೀನಳ ಕೈಗೆ ಮತ್ತೆ ಸಿಕ್ಕಿತು. ಹಾಳೆ ತಿರುವಿದಳು. ಹಿಂದುಗಡೆಯೂ ಅಚ್ಚಾಗಿತ್ತು. ನಿಮ್ಮ ಬೇಡಿಕೆಯನ್ನು ಒಪ್ಪಲಾಗದು, ಇಪ್ಪತ್ತೆಂಟು ದಿನದೊಳಗೆ ಉತ್ತರಿಸಿ ಎಂದಿತ್ತು. ಹತ್ತು ವರ್ಷದವಳು ಹಾಳೆ ತಿರುವಿರಲಿಲ್ಲ, ಅಷ್ಟೆ. ಅವಳು ಅದನ್ನು ಇದ್ದಲ್ಲಿಯೇ ಇಟ್ಟಳು, ಯಾರಿಗೂ ಹೇಳಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಅವಳು ಓದದ ಕಾಗದವಿಲ್ಲ. ಮನೆಯದು, ನೆಂಟರದು, ಓಣಿಯದು, ಚರ್ಚಿನವರದು. ಪಿಂಚಣಿ, ಬಾಡಿಗೆ, ಕಣ್ಣಿನ ಆಸ್ಪತ್ರೆ, ವೀಸಾ. ಪ್ರತಿ ಹಾಳೆಯನ್ನೂ ಎರಡೆರಡು ಸಲ ತಿರುವಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಓದುವಾಗ ಎದುರಿಗೆ ಕೂತವರ ಮುಖ ನೋಡಲು ಅವಳಿಗೆ ಭಯವಾಗುತ್ತಿತ್ತು. ಅಂಕಿಗಳ ಹತ್ತಿರ ಆ ಭಯವಿರಲಿಲ್ಲ. ಸಂಭವನೀಯತೆಯ ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಮಾಡಬಹುದು, ಯಾರ ತೋಳೂ ಹೋಗುವುದಿಲ್ಲ. ಕಾನೂನು ಎಂದರೆ ಐದು ವರ್ಷ ಕಾಗದ ಓದುವುದನ್ನು ಕಲಿತು, ಉಳಿದ ಜನ್ಮವೆಲ್ಲ ಕಾಗದ ಓದುವುದು. ಅವಳಿಗೆ ಅದು ಬೇಡವಾಗಿತ್ತು. ಬೇಡ ಎನ್ನುವ ಬಾಯಿ ಮಾತ್ರ ಇರಲಿಲ್ಲ.

ಸೀಟಿನ ಸುದ್ದಿ ಬಂದದ್ದು ಹಬ್ಬಕ್ಕೆ ಮೂರು ದಿನವಿರುವಾಗ, ಬೆಳಿಗ್ಗೆ ಏಳೂವರೆಗೆ. ತಾಯಿ ಮಗಳು ಹಬ್ಬದ ಕಲೀಚೆ ಮಾಡುತ್ತಿದ್ದರು. ಬಾಸಿಮಾ ಕಣಕ ಲಟ್ಟಿಸಿ ಕೊಡುವುದು, ನಹ್ರೀನ್ ಖರ್ಜೂರದ ಹೂರಣ ಸವರಿ ಸುರುಳಿ ಸುತ್ತುವುದು. ಫೋನು ಮೇಜಿನ ಮೇಲೆ ಗುಂಯ್ ಎಂದಾಗ ಅವಳ ಕೈ ಪೂರ್ತಿ ಅಂಟಾಗಿತ್ತು. ಗೀವರ್ಗಿಸನೇ ಫೋನೆತ್ತಿ ಅವಳ ಕಣ್ಣಿಗೆ ಹಿಡಿದ.

"ಏನಂತೆ?"

ನಹ್ರೀನ್ ಓದಿದಳು. ಇನ್ನೊಂದು ಸಲ ಓದಿದಳು.

"ಹಣಕಾಸು ಮತ್ತು ಕಾನೂನು," ಎಂದಳು.

ಗೀವರ್ಗಿಸ್ ಅಲ್ಲೇ ಕುರ್ಚಿಯ ಮೇಲೆ ಕೂತ. ಎರಡು ನಿಮಿಷ ಅತ್ತ. ಮುಖ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮನೆಯಲ್ಲಿ ರೊಟ್ಟಿ ಇದ್ದರೂ ರೊಟ್ಟಿ ತರುತ್ತೇನೆಂದು ಬೇಕರಿಗೆ ಹೋದ. ಅವನು ವಾಪಸು ಬರುವ ಹೊತ್ತಿಗೆ ಅರ್ಧ ಫೇರ್‌ಫೀಲ್ಡಿನಿಂದ ಬಾಸಿಮಾಳಿಗೆ ಫೋನು ಬಂದಿತ್ತು.

ಹೇಗಾಯಿತು ಎಂದು ನಹ್ರೀನ್ ಸ್ನಾನದ ಕೋಣೆಯ ಬಾಗಿಲು ಹಾಕಿಕೊಂಡು ಹುಡುಕಿದಳು. ಫೋನಿಗೆ ಬಂದ ಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿತ್ತು: ಸೇರಿಸಿದ ಅಂಕ, ನಾಲ್ಕು. ಹಿಂದುಳಿದ ಬಡಾವಣೆಯ ಶಾಲೆ, ಮನೆಯಲ್ಲಿ ಇಂಗ್ಲಿಷ್ ಇಲ್ಲದವರು, ಅಂಥವರಿಗೆಂದು ಒಂದು ಅರ್ಜಿ ಇರುತ್ತದೆ. ಆಗಸ್ಟಿನಲ್ಲಿ ಒಂದು ಸಂಜೆ ಪಕ್ಕದ ಮನೆ ಶೂಶಾನ್ ಅಜ್ಜಿಯ ಪಿಂಚಣಿ ಅರ್ಜಿ, ಅಪ್ಪನ ವೈದ್ಯರ ಅರ್ಜಿ, ಚಿಕ್ಕಮ್ಮನ ಬಾಡಿಗೆ ಮನೆಯ ಅರ್ಜಿ ತುಂಬಿ, ಅದೇ ಓಘದಲ್ಲಿ ನಾಲ್ಕನೆಯದಾಗಿ ತನ್ನದನ್ನೂ ತುಂಬಿ ಕಳಿಸಿದ್ದಳು. ಕಳಿಸಿದ್ದು ಮರೆತೇ ಹೋಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯೊಳಗೆ ಬಿತ್ತು ಎನ್ನುವುದು ಇಂಥದಕ್ಕೇ ಇರಬೇಕು.

ಶಾಲೆಯಲ್ಲಿ ಮುಂದಿನ ಓದಿನ ಸಲಹೆ ಕೊಡುವ ಮಿಸ್ ಡೊನೆಲನ್‌ಗೆ ಫೋನು ಮಾಡಿದಳು. ಆಕೆ ರಜೆಯಲ್ಲಿ ಸಮುದ್ರದ ದಂಡೆಯಲ್ಲೆಲ್ಲೋ ಇದ್ದರು. ಹಿಂದೆ ಮಕ್ಕಳ ಕೂಗಾಟ ಕೇಳುತ್ತಿತ್ತು.

"ಬೇಡದೇ ಇರೋದನ್ನ ಮೇಲೆ ಹಾಕಬೇಡಿ ಅಂತ ನಾನು ಬಡ್ಕೊಂಡಿದ್ದೆ ತಾನೇ?"

"ಗೊತ್ತು ಮಿಸ್. ಆವತ್ತು ಹಿಂದಿನ ಬೆಂಚಿನೋರಿಗೆ ಬಿಡಿಸಿ ಹೇಳಿದ್ದೇ ನಾನು."

ಮಿಸ್ ನಗಲಿಲ್ಲ. "ಜನವರಿ ಸುತ್ತು ಇದೆ. ಮೂರನೇ ತಾರೀಕು ಸಂಜೆ ಆರರೊಳಗೆ ಪಟ್ಟಿ ಬದಲಾಯಿಸಬಹುದು. ಆದರೆ ಅದು ಸಿಕ್ಕಿದ್ರೆ ಇದು ಹೋಗುತ್ತೆ, ಮತ್ತೆ ಬೇಕು ಅಂದ್ರೆ ಬರಲ್ಲ. ಮೊದಲು ಮನೇಲಿ ಮಾತಾಡಮ್ಮ."

ಮನೆಯಲ್ಲಿ ಮಾತಾಡುವುದು! ಹಬ್ಬದ ದಿನ ಚರ್ಚಿನಲ್ಲಿ ಪಾದ್ರಿಗಳೇ ಅವಳ ಕೈ ಕುಲುಕಿದರು. ಶಿಮ್ಶೋನ್ ಅಪ್ಪನ ಬೆನ್ನು ತಟ್ಟಿ, "ನನ್ನ ಮಗನ ಬ್ಯಾಂಕಿನ ಮೇಲೆ ನಿನ್ನ ಮಗಳು ಕೇಸು ಹಾಕ್ತಾಳೆ ಬಿಡಪ್ಪ," ಎಂದು ನಕ್ಕ. ಗೀವರ್ಗಿಸ್ ಸೆಟೆದು ನಿಂತಿದ್ದ. ಎಂಟು ವರ್ಷದಲ್ಲಿ ಅಪ್ಪ ಹಾಗೆ ನಿಂತದ್ದನ್ನು ನಹ್ರೀನ್ ನೋಡಿರಲಿಲ್ಲ. ಆ ನಿಲುವನ್ನು ಮುರಿಯುವ ಧೈರ್ಯ ಅವಳಿಗೆ ಇಪ್ಪತ್ತಾರನೆಯ ತಾರೀಕಿಗೂ ಬರಲಿಲ್ಲ, ಮೂವತ್ತಕ್ಕೂ ಬರಲಿಲ್ಲ. ದಿನಕ್ಕೆರಡು ಸಲ ಲ್ಯಾಪ್‌ಟಾಪು ತೆರೆದು ಪಟ್ಟಿ ನೋಡಿ ಮುಚ್ಚುತ್ತಿದ್ದಳು.

ಮೂರನೆಯ ತಾರೀಕು ಬಂತು. ನಲವತ್ತು ಡಿಗ್ರಿ ಬಿಸಿಲು, ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ನಾಲ್ಕೂವರೆಗೆ ಶೂಶಾನ್ ಅಜ್ಜಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಒಳಗೆ ಬಿಚ್ಚದ ಲಕೋಟೆಗಳು.

"ಎಲ್ಲವ್ವಾ ನಮ್ಮ ವಕೀಲಮ್ಮ?" ಎಂದು ಸೋಫಾದ ಮೇಲೆ ಕುಸಿದಳು. "ಹಬ್ಬದಲ್ಲಿ ತೊಂದ್ರೆ ಕೊಡಬಾರದು ಅಂತ ಸುಮ್ಕಿದ್ದೆ ಕಣವ್ವಾ. ಮುನ್ಸಿಪಾಲ್ಟಿಯೋರು ಕಾಗದ ಹಾಕವ್ರೆ. ಮನೆ ಖಾಲಿ ಮಾಡು ಅಂತಾನೇ ಇರಬೇಕು. ಮೂರು ರಾತ್ರಿ ಕಣ್ಣು ಮುಚ್ಚಿಲ್ಲ ನಾನು."

"ಅದಕ್ಕ್ಯಾಕೆ ಹೆದರ್ತೀಯ ಅಜ್ಜಿ," ಎಂದ ಗೀವರ್ಗಿಸ್. "ಇವಳು ಇನ್ಮೇಲೆ ಕೋಟು ಹಾಕ್ಕೊಂಡೇ ಓದ್ತಾಳೆ. ಓದಮ್ಮ."

ಬಾಸಿಮಾ ಚಹಾದ ಲೋಟಗಳನ್ನೂ ಉಳಿದ ಕಲೀಚೆಗಳನ್ನೂ ತಂದಿಟ್ಟಳು. ಅಜ್ಜಿ ಮೊದಲ ಲಕೋಟೆಯನ್ನು ಎರಡೂ ಕೈಯಲ್ಲಿ ಚಾಚಿದಳು. ನಹ್ರೀನ್ ಎದ್ದು ಬಂದಳು, ಆದರೆ ಕೈ ಮುಂದೆ ಮಾಡಲಿಲ್ಲ.

"ನಾನು ಓದಲ್ಲ," ಎಂದಳು.

ಮನೆಗೆ ಬಂದ ಹಿರಿಯರಿಗೆ, ಅದೂ ಹಬ್ಬದ ಹನ್ನೆರಡು ದಿನ ಮುಗಿಯುವ ಮುಂಚೆ, ಇಲ್ಲ ಎನ್ನುವುದನ್ನು ಆ ಮನೆ ಕಂಡಿರಲಿಲ್ಲ.

"ಏನಂದೆ?" ಎಂದ ಗೀವರ್ಗಿಸ್.

"ಓದಲ್ಲ ಅಪ್ಪ. ಕಾನೂನೂ ಓದಲ್ಲ. ಅದು ಸಿಗಲ್ಲ ಅಂತ ಮೇಲೆ ಹಾಕಿದ್ದೆ, ನಿನ್ನ ಸಮಾಧಾನಕ್ಕೆ. ಇವತ್ತು ಆರು ಗಂಟೆಗೆ ಕೊನೆ. ನನಗೆ ಸಂಖ್ಯಾಶಾಸ್ತ್ರ ಬೇಕು."

"ನಾಚಿಕೆ ಇಲ್ವೇನೇ? ಅಜ್ಜಿ ಮುಂದೆ ನಿಂತ್ಕೊಂಡು..." ಗೀವರ್ಗಿಸನ ಕುತ್ತಿಗೆ ಕೆಂಪಾಯಿತು. "ನಮ್ಮ ಗತಿ ಏನಾಯ್ತು ಅಂತ ನೋಡಿದೋಳು ನೀನು! ನಮ್ಮೋರು ಅಂತ ಒಬ್ಬ ವಕೀಲ ಇದ್ದಿದ್ರೆ ಆವತ್ತು..."

"ವಕೀಲ ಬೇಕಿರಲಿಲ್ಲ," ಎಂದಳು ನಹ್ರೀನ್. ಅಳು ಬರಬಾರದೆಂದು ಬೇಗ ಬೇಗ ಹೇಳಿದಳು. "ಆ ಪತ್ರದ ಹಿಂದುಗಡೆ ಬರೆದಿತ್ತು ಅಪ್ಪ. ಆಗಲ್ಲ ಅಂತ. ಇಪ್ಪತ್ತೆಂಟು ದಿನದಲ್ಲಿ ಉತ್ತರ ಕೊಡಿ ಅಂತ. ನಾನು ಹಾಳೆ ತಿರುವಲಿಲ್ಲ. ಮುಂದಿನದಷ್ಟೇ ಓದಿ ಆಟ ಆಡೋಕೆ ಹೋದೆ. ಯಾರೂ ಮೋಸ ಮಾಡಲಿಲ್ಲ. ಹಾಳು ಮಾಡಿದ್ದು ನಾನು. ಐದು ವರ್ಷದಿಂದ ಗೊತ್ತು ನನಗೆ."

ಶೂಶಾನ್ ಅಜ್ಜಿ ಚಾಚಿದ ಕೈ ಹಾಗೇ ಇತ್ತು. ಗೀವರ್ಗಿಸ್ ಮಗಳನ್ನು ನೋಡಿದ, ತನ್ನ ಬಲಗೈಯನ್ನು ನೋಡಿಕೊಂಡ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಹ್ರೀನ್ ಕಾದಳು. ಎರಡೂ ಆಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಆಗ ನಿನಗೆಷ್ಟು ವಯಸ್ಸು?" ಎಂದ ಕೊನೆಗೆ.

"ಹತ್ತು."

"ಹತ್ತು," ಎಂದ. ಹೆಂಡತಿಯ ಕಡೆ ತಿರುಗಿದ. "ನನಗೆ?"

ಬಾಸಿಮಾ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದಳು. ಗಂಡನ ಮುಖ ನೋಡದೆಯೇ ಹೇಳಿದಳು:

"ಮೂವತ್ತೆಂಟು."

ಗೀವರ್ಗಿಸ್ ಎದ್ದು ಒಳಗೆ ಹೋದ. ಚರ್ಚಿನಲ್ಲಿ ಓದುವಾಗ ಹಾಕುವ ಕನ್ನಡಕ ತಂದು ಹಾಕಿಕೊಂಡು ಅಜ್ಜಿಯ ಪಕ್ಕದಲ್ಲಿ ಕೂತು, ಅವಳ ಕೈಯಿಂದ ಲಕೋಟೆ ತೆಗೆದುಕೊಂಡ. ಒಂದು ಕೈಯಲ್ಲಿ ಬಿಚ್ಚಲಾಗದೆ ಹಲ್ಲಿನಿಂದ ಹರಿದ.

"ನೀನು ಓದ್ತೀಯೇನೋ?" ಎಂದಳು ಅಜ್ಜಿ ಅನುಮಾನದಿಂದ. "ನೋಡಪ್ಪಾ, ಒಂದು ಹೋಗಿ ಇನ್ನೊಂದು ಹೇಳಿ ನನ್ನ ಬೀದಿಗೆ ಹಾಕಬೇಡ."

"ಸುಮ್ನಿರು ಅಜ್ಜಿ. ಅಕ್ಷರ ಗೊತ್ತು ನನಗೆ."

ಅವನು ಶುರುಮಾಡಿದ. ಭಾನುವಾರ ಪಾದ್ರಿಗಳ ಪಕ್ಕದಲ್ಲಿ ನಿಂತು ಸತ್ಯವೇದ ಓದುವವನು ಅವನು. ಓದು ಎಂದರೆ ಅವನಿಗೆ ಗೊತ್ತಿದ್ದದ್ದು ಅದೊಂದೇ ರಾಗ. ಮುನ್ಸಿಪಾಲಿಟಿಯ ಕಾಗದವೂ ಅದೇ ರಾಗದಲ್ಲಿ ಹೊರಟಿತು. ಪ್ರಿಯ... ನಿವಾಸಿಗಳೇ. ಒಂದೊಂದು ಶಬ್ದವನ್ನೂ ಬೆರಳಿನಿಂದ ತಡವಿ, ಎಳೆದು, ನಿಲ್ಲಿಸಿ, ಮತ್ತೆ ಹಿಡಿದು. ಶೂಶಾನ್ ಅಜ್ಜಿ ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದಳು. ಹತ್ತು ನಿಮಿಷ ಹಿಡಿಯಿತು. ಹಸಿರು ಮುಚ್ಚಳದ ಹೊಸ ಕಸದ ಡಬ್ಬಿ ಕೊಡುತ್ತಾರಂತೆ. ಅಡುಗೆಮನೆಯ ಕಸವನ್ನು ಅದರಲ್ಲೇ ಹಾಕಬೇಕಂತೆ.

"ಅಷ್ಟೇನಾ?" ಎಂದಳು ಅಜ್ಜಿ. "ಅವರ ಮನೆ ಹಾಳಾಗ! ಮೂರು ರಾತ್ರಿ ನಿದ್ದೆ ಹೋಯ್ತಲ್ಲೋ ನಂದು, ಕಸದ ಡಬ್ಬಿಗೆ!"

ಬಾಸಿಮಾ ಕಿಸಕ್ಕನೆ ನಕ್ಕಳು. ಗೀವರ್ಗಿಸ್ ನಗಲಿಲ್ಲ. ಹಣೆಯ ಬೆವರು ಒರೆಸಿಕೊಂಡು ಎರಡನೆಯ ಲಕೋಟೆಗೆ ಕೈಹಾಕಿದ. ಕಾಗದದಿಂದ ಕಣ್ಣೆತ್ತದೆಯೇ ಕೇಳಿದ:

"ಗಂಟೆ ಎಷ್ಟಾಯ್ತು?"

"ಐದು ಹತ್ತು," ಎಂದಳು ನಹ್ರೀನ್.

"ಮತ್ತೆ ಇಲ್ಲಿ ನಿಂತು ಏನು ನೋಡ್ತಿದ್ದೀಯ? ಹೋಗಿ ಸರಿ ಮಾಡ್ಕೋ."

ಅವಳು ಅಡುಗೆಮನೆಯ ಮೇಜಿಗೆ ಹೋದಳು. ಸಂಖ್ಯಾಶಾಸ್ತ್ರದ ಸಾಲನ್ನು ಮೇಲಿಟ್ಟು, ಒಪ್ಪಿಗೆಯ ಗುಂಡಿ ಒತ್ತಿ, ಪುಟದ ತುದಿಯವರೆಗೂ ಇಳಿದು ಎರಡು ಸಲ ನೋಡಿದಳು. ಬದಲಾವಣೆ ದಾಖಲಾಗಿದೆ ಎಂದು ಬಂತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ಕಾಗದ ಪೂರ್ತಿ ತನ್ನದಾಗಿತ್ತು. ಸಂತೋಷವೋ ಸಂಕಟವೋ ತಿಳಿಯದೆ ಅಲ್ಲೇ ಕೂತಳು.

ಹಜಾರದಲ್ಲಿ ಎರಡನೆಯ ಕಾಗದ ನಡೆದಿತ್ತು. ಅದು ಕಣ್ಣಾಸ್ಪತ್ರೆಯದು, ಕಷ್ಟದ ಶಬ್ದಗಳು. ನಡುವೆ ಒಂದು ಕಡೆ ರಾಗ ತಡೆಯಿತು. ಗೀವರ್ಗಿಸ್ ಬೆರಳನ್ನು ಆ ಶಬ್ದದ ಮೇಲಿಟ್ಟು, ಕನ್ನಡಕದ ಮೇಲಿನಿಂದ ಅಡುಗೆಮನೆಯ ಕಡೆ ತಲೆಯೆತ್ತಿದ. ಅವಳು ಕುರ್ಚಿ ಹಿಂದೆ ಸರಿಸಿ ಏಳಲು ಹೊರಟಳು. ಅವನು ಬೇಡವೆಂಬಂತೆ ತಲೆಯಾಡಿಸಿ, ಮತ್ತೆ ಬಗ್ಗಿ, ಆ ಶಬ್ದವನ್ನು ಮೊದಲಿನಿಂದ ಹಿಡಿದ.